ಹೊಲ, ಗದ್ದೆ, ತೋಟದಲ್ಲಿ ವಿಷದ ಹಾವಿನಿಂದ ಪಾರಾಗುವುದು ಹೇಗೆ: ಬಯಲಲ್ಲಿ ದುಡಿಯುವವರಿಗೆ ಸಮಗ್ರ ಮಾರ್ಗದರ್ಶಿ

ಹಾವು ಕಚ್ಚಿತು ಅಂತ ಸುದ್ದಿ ಬಂದ ಕೂಡಲೇ ಊರಲ್ಲಿ ಎಲ್ಲರೂ ಕೇಳುವುದು ‘ಯಾವ ಹಾವಂತೆ?’ ಎಂದೇ. ನನಗೆ ಮೊದಲು ಕೇಳಬೇಕು ಅನ್ನಿಸುವುದು ಬೇರೆ. ಕೈ ಎಲ್ಲಿಟ್ಟಿದ್ದರು? ಕಾಲಲ್ಲಿ ಏನಿತ್ತು? ಟಾರ್ಚ್ ಇತ್ತಾ? ಹಾವು ಯಾರನ್ನೂ ಹುಡುಕಿಕೊಂಡು ಬಂದು ಕಚ್ಚುವುದಿಲ್ಲ. ನಾವು ಕಾಣದೆ ತುಳಿದಾಗ, ಹುಲ್ಲಿನ ಜೊತೆ ಸೇರಿಸಿ ಹಿಡಿದಾಗ, ನಿದ್ದೆಯಲ್ಲಿ ಮೇಲೆ ಹೊರಳಿದಾಗ ಕಚ್ಚುತ್ತದೆ. ಹಾಗಾಗಿ ಇಲ್ಲಿ ಹೇಳುವ ಎಲ್ಲದರ ಬೇರು ಒಂದೇ: ಕಣ್ಣು ಹೋಗದ ಜಾಗಕ್ಕೆ ಕೈಕಾಲು ಹೋಗಬಾರದು.

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ವರ್ಷಕ್ಕೆ ಸರಾಸರಿ 58,000 ಜನ. ಬಹುಪಾಲು ಹಳ್ಳಿಯವರು. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅಂದರೆ ಬಿತ್ತನೆ, ನಾಟಿ, ಕಳೆ ತೆಗೆಯುವ ದಿನಗಳಲ್ಲೇ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಒಳ್ಳೆಯದೇ. ಆದರೆ ಬದುವಿನ ಮೇಲೆ ನಡೆಯುವವರು ನಾವು, ನಮ್ಮ ಎಚ್ಚರ ನಮಗಿರಬೇಕು.

ಮೊದಲು ಹಾವುಗಳ ಪರಿಚಯ

ಹಾವಿನ ಗುರುತು ಕಲಿಯುವುದು ಹಿಡಿಯಲಿಕ್ಕಲ್ಲ. ಯಾವುದು ಎಲ್ಲಿರುತ್ತದೆ, ಯಾವ ಹೊತ್ತಲ್ಲಿ ಓಡಾಡುತ್ತದೆ ಅಂತ ಗೊತ್ತಿದ್ದರೆ ಎಚ್ಚರ ತಾನಾಗಿ ಬರುತ್ತದೆ. ನಮ್ಮ ದೇಶದಲ್ಲಿ ಹೆಚ್ಚು ಜನರನ್ನು ಕೊಲ್ಲುವುದು ನಾಲ್ಕು ಹಾವುಗಳು. ನಾಲ್ಕೂ ಕರ್ನಾಟಕದಲ್ಲಿವೆ.

ನಾಗರಹಾವಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಇಲಿ, ಕಪ್ಪೆ ಇರುವ ಕಡೆ ಇರುತ್ತದೆ: ಬಣವೆ, ಇಲಿಬಿಲ, ಕೋಳಿಗೂಡು, ಕಲ್ಲಿನ ಗುಡ್ಡೆ. ಹಗಲಲ್ಲೂ ಓಡಾಡುತ್ತದೆ. ಹೆಡೆ ಎತ್ತಿ, ಬುಸುಗುಟ್ಟಿ ಎಚ್ಚರಿಕೆ ಕೊಡುವುದರಿಂದ ನಮಗೆ ಹಿಂದೆ ಸರಿಯಲು ಒಂದು ಅವಕಾಶ ಸಿಗುತ್ತದೆ. ಭಕ್ತಿಯಿಂದಲೋ ಭಯದಿಂದಲೋ ಜನ ನಾಗರಕ್ಕೆ ದಾರಿ ಬಿಡುತ್ತಾರೆ. ನಾಗರ ಪಂಚಮಿಯ ಒಂದು ಉಪಕಾರ ಇದು ಅಂತ ನನ್ನ ಲೆಕ್ಕ. ಉಳಿದ ಮೂರಕ್ಕೆ ಆ ಮರ್ಯಾದೆ ಸಿಗುವುದಿಲ್ಲ.

ಗದ್ದೆ, ತೋಟದವರು ನಿಜವಾಗಿ ಹೆದರಬೇಕಾದ್ದು ಕೊಳಕುಮಂಡಲಕ್ಕೆ. ದಪ್ಪ ಮೈ, ಗಿಡ್ಡ ಬಾಲ, ತ್ರಿಕೋನದ ತಲೆ. ಕಂದು ಮೈಮೇಲೆ ಮೂರು ಸಾಲು ಕಪ್ಪಂಚಿನ ಮಚ್ಚೆ, ಸರಪಳಿ ಇಟ್ಟ ಹಾಗೆ. ಒಣಗಿದ ಎಲೆಯ ಮೇಲೆ ಸುತ್ತಿಕೊಂಡು ಕೂತರೆ ಎರಡಡಿ ದೂರದಿಂದಲೂ ಕಾಣುವುದಿಲ್ಲ. ಹೆಜ್ಜೆಯ ಅದುರಿಗೆ ಕೇರೆಹಾವು ಓಡುತ್ತದೆ, ನಾಗರ ಸರಿಯುತ್ತದೆ, ಕೊಳಕುಮಂಡಲ ಅಲ್ಲೇ ಕೂರುತ್ತದೆ. ತನ್ನ ಬಣ್ಣವೇ ಕಾಪಾಡುತ್ತದೆ ಅನ್ನುವ ಹಾವು ಅದು. ತೀರಾ ಹತ್ತಿರ ಹೋದರೆ ಕುಕ್ಕರ್ ಸೀಟಿ ಬಿಡುವ ಹಾಗೆ ಜೋರಾಗಿ ಬುಸುಗುಟ್ಟುತ್ತದೆ, ಆದರೆ ಪ್ರತಿಸಲ ಬುಸುಗುಟ್ಟೇ ಬಿಡುತ್ತದೆ ಅಂತ ನಂಬಬೇಡಿ. ಹೆಚ್ಚು ಓಡಾಟ ರಾತ್ರಿ. ಚಳಿಗಾಲದಲ್ಲಿ ಹಗಲು ಬಿಸಿಲು ಕಾಯಿಸುವುದೂ ಉಂಟು. ಇದನ್ನು ಹೆಬ್ಬಾವಿನ ಮರಿ ಅಂತಲೋ ಮಣ್ಣುಮುಕ್ಕ ಅಂತಲೋ ತಿಳಿದು ಕೈಯಲ್ಲಿ ಎತ್ತಿದವರಿದ್ದಾರೆ. ಮುಂಗಾರಿನ ಹೊತ್ತಿಗೆ ಮರಿ ಹಾಕುತ್ತದೆ, ಒಂದೇ ಸಲಕ್ಕೆ ಇಪ್ಪತ್ತು ಮೂವತ್ತು. ಗೇಣುದ್ದದ ಆ ಮರಿಗೂ ವಿಷ ಇದೆ.

ಕಟ್ಟುಹಾವಿಗೆ ಕೆಲವು ಕಡೆ ಕಡಂಬಳ ಅನ್ನುತ್ತಾರೆ. ಹೊಳೆಯುವ ಕಪ್ಪು ಮೈ, ಅಡ್ಡಡ್ಡ ತೆಳ್ಳನೆ ಬಿಳಿ ಪಟ್ಟಿ. ಹಗಲು ಸಿಕ್ಕರೆ ಪಾಪದ ಹಾವಿನಂತೆ ತಲೆ ಮುದುಡಿಕೊಂಡು ಬಿದ್ದಿರುತ್ತದೆ. ರಾತ್ರಿ ಅದೇ ಹಾವು ಬೇರೆ. ವಿಷವಿಲ್ಲದ ತೋಳಹಾವಿಗೂ ಪಟ್ಟಿ ಇರುವುದರಿಂದ ಜನ ಎರಡನ್ನೂ ಗೊಂದಲ ಮಾಡಿಕೊಳ್ಳುತ್ತಾರೆ. ಪಟ್ಟಿ ಕಂಡರೆ ಕಟ್ಟುಹಾವು ಅಂತಲೇ ಅಂದುಕೊಳ್ಳಿ, ನಷ್ಟವಿಲ್ಲ.

ನಾಲ್ಕನೆಯದು ಗರಗಸ ಮಂಡಲ. ಒಂದು, ಒಂದೂವರೆ ಅಡಿಯ ಸಣ್ಣ ಹಾವು. ಉತ್ತರ ಕರ್ನಾಟಕದ ಒಣ ಹೊಲ, ಕಲ್ಲುಗುಡ್ಡ, ಕುರುಚಲು ಪ್ರದೇಶ ಇದರ ಜಾಗ. ಮೈಯನ್ನು ಸುರುಳಿ ಸುತ್ತಿ ಹುರುಪೆಗೆ ಹುರುಪೆ ಉಜ್ಜಿ ಕರಕರ ಸದ್ದು ಮಾಡುತ್ತದೆ. ಕಲ್ಲು ಎತ್ತುವವರು, ಕುರಿ ಕಾಯುವವರು, ಬರಿಗಾಲಲ್ಲಿ ಸಂಜೆ ನಡೆಯುವವರು ಇದಕ್ಕೆ ಸಿಗುತ್ತಾರೆ.

ಇವಲ್ಲದೆ ಮಲೆನಾಡು, ಕೊಡಗು, ಕರಾವಳಿ ಬೆಟ್ಟದ ಕಡೆ ಗುಳಿಮಂಡಲಗಳಿವೆ. ಹಸಿರು, ಹಳದಿ, ಕಂದು ಹೀಗೆ ಹಲವು ಬಣ್ಣದಲ್ಲಿ ಕಾಫಿ ಗಿಡ, ಮೆಣಸಿನ ಬಳ್ಳಿ, ಬಂಡೆಯ ಮೇಲೆ ಅಲ್ಲಾಡದೆ ಕೂರುವುದು ಮಲಬಾರ್ ಗುಳಿಮಂಡಲ. ನೆಲದ ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಯ ನಡುವೆ, ಇರುವುದು ಇನ್ನೊಂದು, ಗಿಡ್ಡ, ಕಂದು, ಮೂಗಿನ ತುದಿ ಮೇಲಕ್ಕೆ ಎದ್ದಿರುತ್ತದೆ. ಈ ಎರಡನೆಯದರ ವಿಷ ಕೆಲವರಿಗೆ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ನಮ್ಮಲ್ಲಿ ಸಿಗುವ ಪ್ರತಿವಿಷ (ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್) ಅದಕ್ಕೆ ಕೆಲಸ ಮಾಡುವುದಿಲ್ಲ. ಆಗುಂಬೆ ಕಡೆಯ ಕಾಳಿಂಗ ಸರ್ಪದ ಕಥೆ ಎಲ್ಲರ ಬಾಯಲ್ಲೂ ಇದೆ, ಆದರೆ ಅದು ಮನುಷ್ಯರನ್ನು ಕಚ್ಚುವುದು ತೀರಾ ಅಪರೂಪ.

ಮೈಮೇಲೆ ಏನಿರಬೇಕು

ಕಡಿತದಲ್ಲಿ ಹೆಚ್ಚಿನವು ಬೀಳುವುದು ಪಾದ, ಹಿಮ್ಮಡಿಯ ಗಂಟು, ಮೀನಖಂಡದ ಮೇಲೆ. ಆಮೇಲೆ ಕೈಬೆರಳು. ಹಾಗಾಗಿ ದುಡ್ಡು ಹಾಕುವುದಾದರೆ ಮೊದಲು ಗಂಬೂಟಿಗೆ ಹಾಕಿ. ಮೊಣಕಾಲ ಕೆಳಗಿನವರೆಗೆ ಬರುವ, ಕಾಲಿಗೆ ಸ್ವಲ್ಪ ಸಡಿಲವಾದ ದಪ್ಪ ರಬ್ಬರಿನದು. ಸಡಿಲ ಯಾಕೆ ಅಂದರೆ, ರಬ್ಬರಿಗೂ ಚರ್ಮಕ್ಕೂ ನಡುವೆ ಜಾಗ ಇದ್ದರೆ ಹಲ್ಲು ತೂರಿದರೂ ಕಾಲು ಮುಟ್ಟುವುದು ಕಷ್ಟ. ಕೆಸರುಗದ್ದೆಯೊಳಗೆ ಗಂಬೂಟು ಹಾಕಿ ನಾಟಿ ಮಾಡಲು ಆಗಲ್ಲ, ಹೂತು ಹೋಗುತ್ತದೆ. ನಾಟಿಗೆ ಬರಿಗಾಲೇ ಸೈ. ಆದರೆ ಬದು, ಅಂಚು, ಗದ್ದೆಗೆ ಹೋಗುವ ದಾರಿಯಲ್ಲಿ ಬೂಟು ಇರಲಿ, ಗದ್ದೆ ಬದಿಯಲ್ಲಿ ಬಿಚ್ಚಿಟ್ಟು ಇಳಿಯಿರಿ. ಮತ್ತೆ ಹಾಕುವಾಗ ತಲೆಕೆಳಗು ಮಾಡಿ ನೆಲಕ್ಕೆ ಕುಟ್ಟಿ. ಚೇಳು, ಕಪ್ಪೆ, ಹಾವಿನ ಮರಿ, ಮೂರಕ್ಕೂ ಬೂಟಿನ ಒಳಗೆ ಬೆಚ್ಚಗೆ.

ಗಂಬೂಟು ಇಲ್ಲದಿದ್ದರೆ ಹಿಮ್ಮಡಿ ಮುಚ್ಚುವ ಶೂ, ದಪ್ಪ ಬಟ್ಟೆಯ ಸಡಿಲ ಪ್ಯಾಂಟು. ಸೀರೆ, ಪಂಚೆ ಉಟ್ಟು ಕೆಲಸ ಮಾಡುವವರು ಒಳಗೆ ಹಳೇ ಪ್ಯಾಂಟು ಹಾಕಿಕೊಂಡರೆ ಜಿಗಣೆಗೂ ಆಯ್ತು, ಹಾವಿಗೂ ಆಯ್ತು. ಹವಾಯಿ ಚಪ್ಪಲಿ ಮಾತ್ರ ಚಪ್ಪಲಿಯ ಲೆಕ್ಕಕ್ಕೇ ಬೇಡ.

ಕೈಗೆ ಚರ್ಮದ ಗ್ಲೌಸು ಒಳ್ಳೆಯದು. ಆದರೆ ಗ್ಲೌಸು ಇದೆ ಅಂತ ಬಿಲಕ್ಕೆ ಕೈ ಹಾಕುವುದಲ್ಲ. ಕೊಳಕುಮಂಡಲದ ಹಲ್ಲು ಉದ್ದ, ತೆಳು ಗ್ಲೌಸು ಅದಕ್ಕೆ ಲೆಕ್ಕವಿಲ್ಲ. ಗ್ಲೌಸಿಗಿಂತ ನಾಲ್ಕೈದು ಅಡಿಯ ಕೋಲು ಹೆಚ್ಚು ಉಪಯೋಗ. ಹುಲ್ಲು ಬಗ್ಗಿಸಲು, ಬಿದ್ದ ಅಡಿಕೆ ಹಾಳೆ ಮಗುಚಲು, ನೆಲ ಕುಟ್ಟಲು, ಎಲ್ಲಕ್ಕೂ ಅದೇ. ಹಣೆಗೆ ಕಟ್ಟುವ ಟಾರ್ಚ್ ಒಂದು ಇರಲಿ. ಮೊಬೈಲ್ ಬೆಳಕು ಕೈಯನ್ನು ಹಿಡಿದಿಡುತ್ತದೆ, ದೂರ ಬೀಳುವುದಿಲ್ಲ, ಬೇಕಾದಾಗ ಚಾರ್ಜೂ ಇರಲ್ಲ.

ಕೆಲಸಕ್ಕೆ ತಕ್ಕ ಎಚ್ಚರ

ಭತ್ತದ ಗದ್ದೆಯಲ್ಲಿ ಅಪಾಯ ಜಾಸ್ತಿ ಇರುವುದು ನೀರಿನ ನಡುವೆ ಅಲ್ಲ, ಬದುವಿನ ಮೇಲೆ. ಇಲಿಬಿಲ ಅಲ್ಲೇ, ಕಪ್ಪೆ ಅಲ್ಲೇ, ಹುಲ್ಲು ಅಲ್ಲೇ. ನಾಟಿಗೆ ಮೊದಲು ಬದುವಿನ ಹುಲ್ಲು ಸವರಿ, ನಡೆಯುವ ಜಾಗ ಬೋಳಾಗಿರಲಿ. ಸವರುವಾಗ ಹುಲ್ಲನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಕುಯ್ಯುವುದು ನಮಗೆ ಅಭ್ಯಾಸ. ಆ ಎಡಗೈ ಹೋಗುವುದು ನೇರ ಹಾವಿನ ಬಾಯಿಗೆ. ಮೊದಲು ಕೋಲಿನಿಂದ ಆ ಬುಡವನ್ನು ಒಮ್ಮೆ ಅಲ್ಲಾಡಿಸಿ, ಬುಡ ಕಾಣುವಷ್ಟು ಬಗ್ಗಿಸಿ, ಆಮೇಲೆ ಹಿಡಿಯಿರಿ. ಒಂದು ಹಿಡಿಗೆ ಎರಡು ಸೆಕೆಂಡು ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಕೊಯ್ಲಿನ ಹೊತ್ತಿಗೆ ಇನ್ನೊಂದು ವಿಷಯ. ಕೈಯಲ್ಲಿ ಕುಯ್ದರೂ ಸರಿ, ಮಷಿನ್ ಬಂದರೂ ಸರಿ, ಗದ್ದೆಯ ಸುತ್ತಲಿಂದ ಕುಯ್ಯುತ್ತಾ ನಡುವಿಗೆ ಬಂದಂತೆ ಇಲಿ, ಹಾವು ಎಲ್ಲವೂ ಉಳಿದ ಆ ಒಂದು ತುಂಡಿನೊಳಗೆ ಸೇರುತ್ತವೆ. ಕೊನೆಯ ಪಟ್ಟೆ ಕುಯ್ಯುವಾಗಲೇ ಹೆಚ್ಚು ಹಾವು ಕಾಣುವುದು ಇದಕ್ಕೇ. ಆದಷ್ಟು ಒಂದು ಬದಿಯಿಂದ ಶುರು ಮಾಡಿ ಕಾಡು, ಬೇಲಿ ಇರುವ ಬದಿಗೆ ಮುಗಿಸಿ. ಅವಕ್ಕೂ ಹೋಗಲು ದಾರಿ ಸಿಗಲಿ. ಕುಯ್ದು ಹಾಸಿದ ಪೈರು ರಾತ್ರಿ ಗದ್ದೆಯಲ್ಲೇ ಉಳಿದರೆ ಬೆಳಿಗ್ಗೆ ಕಟ್ಟುವಾಗ ಬಾಚಿ ತಬ್ಬಬೇಡಿ. ಕೋಲಿನಿಂದ ಮಗುಚಿ, ಆಮೇಲೆ ಕಂತೆ ಕಟ್ಟಿ.

ಕಬ್ಬಿನ ಗದ್ದೆ ಇಲಿಗೆ ಅರಮನೆ, ಹಾಗಾಗಿ ಹಾವಿಗೂ. ಮಂಡ್ಯ, ಬೆಳಗಾವಿ ಕಡೆಯವರಿಗೆ ಇದು ಹೊಸದಲ್ಲ. ರವದಿ ಬಿಡಿಸುವಾಗ ಕಬ್ಬಿನ ಬುಡಕ್ಕೆ ಕೈ ಹೋಗುತ್ತದೆ, ಒಣಸೋಗೆ ನೆಲ ಮುಚ್ಚಿರುತ್ತದೆ, ಬೆಳಕೂ ಕಮ್ಮಿ. ಒಬ್ಬರೇ ಒಳಗೆ ಹೋಗುವುದು ಬೇಡ. ಕಚ್ಚಿದರೆ ಕೂಗಿದ್ದು ಹೊರಗೆ ಕೇಳಿಸಲ್ಲ. ಸಾಲಿನಲ್ಲಿ ಕಾಲು ಎಳೆದುಕೊಂಡು, ನೆಲ ತಟ್ಟುತ್ತಾ ಹೋಗಿ. ಹಾವಿಗೆ ನೆಲದ ಅದುರು ಚೆನ್ನಾಗಿ ಗೊತ್ತಾಗುತ್ತದೆ, ಹೋಗುವ ಹಾವು ಹೋಗುತ್ತದೆ. ಹೋಗದೆ ಕೂರುವ ಕೊಳಕುಮಂಡಲಕ್ಕೆ ಬೂಟು.

ಅಡಿಕೆ ತೋಟದಲ್ಲಿ ಬಿದ್ದ ಹಾಳೆ. ತೋಟಕ್ಕೆ ಹೋದಾಗ ಎಲ್ಲರೂ ಮಾಡುವುದು ಏನು? ಬಗ್ಗಿ ಹಾಳೆಯ ಅಂಚಿಗೆ ಬೆರಳು ತೂರಿಸಿ ಎಳೆಯುವುದು. ಆ ಹಾಳೆ ಕೆಳಗೆ ತಂಪು, ಕಪ್ಪೆ, ಮರೆ, ಹಾವಿಗೆ ಬೇಕಾದ್ದೆಲ್ಲ ಇದೆ. ಕತ್ತಿಯ ತುದಿಯಿಂದಲೋ ಕೋಲಿನಿಂದಲೋ ನಿಮ್ಮ ಕಡೆಗಿರುವ ಅಂಚನ್ನೇ ಎತ್ತಬೇಡಿ. ಆಚೆ ಅಂಚಿಗೆ ಸಿಕ್ಕಿಸಿ ನಿಮ್ಮ ಕಡೆಗೆ ಮಗುಚಿ. ಹಾಳೆ ಅಡ್ಡಗೋಡೆಯಾಗಿ ನಿಲ್ಲುತ್ತದೆ, ಒಳಗಿದ್ದದ್ದು ಆಚೆಗೆ ಹೋಗುತ್ತದೆ. ಕಲ್ಲು, ಮರದ ದಿಮ್ಮಿ, ತಗಡು ಎತ್ತುವಾಗಲೂ ಇದೇ ಕ್ರಮ. ಉದುರಿದ ಅಡಿಕೆ ಹೆಕ್ಕುವವರು ದರಗನ್ನು ಕಡ್ಡಿಯಿಂದ ಸರಿಸಿ ಹೆಕ್ಕಲಿ. ಕಾಫಿ ಕುಯ್ಯುವವರು ಕೊಂಬೆ ಬಗ್ಗಿಸುವ ಮುನ್ನ ಎಲೆಯ ನಡುವೆ ಒಮ್ಮೆ ನೋಡಲಿ. ಹಸಿರು ಗುಳಿಮಂಡಲ ಮುಖದ ಎತ್ತರದಲ್ಲೇ ಕೂತಿರಬಹುದು.

ಬಣವೆಯಿಂದ ಬೆಳಗಿನ ಜಾವ ಹುಲ್ಲು ಹಿರಿಯುವುದು, ಸೌದೆ ತೆಗೆಯುವುದು, ಬೆರಣಿ ಎತ್ತುವುದು, ಇವೆಲ್ಲ ಹೆಚ್ಚಾಗಿ ಹೆಂಗಸರ ಕೆಲಸ, ಹೆಚ್ಚಾಗಿ ಅರೆಗತ್ತಲಲ್ಲಿ. ಸಂಜೆಯೇ ಬೆಳಕಿದ್ದಾಗ ಮರುದಿನಕ್ಕೆ ಬೇಕಾದಷ್ಟು ಹಿರಿದಿಡಿ. ಸೌದೆಯನ್ನು ಕಲ್ಲಿನ ಮೇಲೋ ಹಲಗೆಯ ಮೇಲೋ ನೆಲದಿಂದ ಒಂದಡಿ ಎತ್ತರ ಇಟ್ಟರೆ ಅರ್ಧ ತೊಂದರೆ ತಪ್ಪುತ್ತದೆ.

ರಾತ್ರಿ ನೀರು ಬಿಡಲು ಹೋಗುವುದು ಇದೆಯಲ್ಲ, ನನ್ನ ಪ್ರಕಾರ ನಮ್ಮ ರೈತರ ಅತಿ ದೊಡ್ಡ ಹಾವಿನ ಸಮಸ್ಯೆ ಅದು. ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಕೊಟ್ಟರೆ ರೈತ ರಾತ್ರಿಯೇ ಹೋಗಬೇಕು. ಹಾವೂ ಆಗಲೇ ಹೊರಗೆ ಬರುತ್ತದೆ. ಹಗಲು ಕರೆಂಟು ಕೊಡಿ ಅಂತ ಕೇಳುವುದು ಬರೀ ನಿದ್ದೆಯ ಪ್ರಶ್ನೆ ಅಲ್ಲ. ಅದು ಸಿಗುವವರೆಗೆ, ಪಂಪ್‌ಸೆಟ್ ಮನೆಗೆ ಹೋಗುವ ಒಂದೇ ದಾರಿ ಗೊತ್ತುಮಾಡಿ ಅದನ್ನು ಸದಾ ಸವರಿಟ್ಟಿರಿ. ಅಡ್ಡದಾರಿ ಬೇಡ. ಬಾಗಿಲು ತೆರೆದು ಮೊದಲು ನೆಲ, ಆಮೇಲೆ ಗೋಡೆಯ ಮೂಲೆ, ಆಮೇಲೆ ಸ್ಟಾರ್ಟರ್ ಡಬ್ಬದ ಮೇಲೆ ಕೆಳಗೆ ಬೆಳಕು ಬಿಡಿ. ಹಲ್ಲಿ, ಇಲಿ ಹುಡುಕಿ ಹಾವು ಅಲ್ಲಿಗೆ ಬರುತ್ತದೆ. ವಾಲ್ವ್ ಇರುವ ಗುಂಡಿಗೆ ಕೈ ಹಾಕುವ ಮುಂಚೆ ಕೋಲಾಡಿಸಿ. ಮೊಬೈಲ್ ಸ್ಟಾರ್ಟರ್ ಹಾಕಿಸಲು ಆದರೆ ಹಾಕಿಸಿ, ಎಷ್ಟೋ ರಾತ್ರಿಯ ಓಡಾಟ ಉಳಿಯುತ್ತದೆ.

ಇನ್ನು ಮೀನು, ಏಡಿಯ ಹುಚ್ಚಿನವರಿಗೆ ಒಂದು ಮಾತು. ಮಲೆನಾಡಿನಲ್ಲಿ ಮೊದಲ ಮಳೆಗೆ ನೀರಿಗೆದುರಾಗಿ ಹತ್ತಿ ಬರುವ ಹತ್ತುಮೀನು ಹಿಡಿಯಲು ರಾತ್ರಿ ಗದ್ದೆ, ಹಳ್ಳದ ದಂಡೆಗೆ ಹೋಗುತ್ತಾರೆ. ಅದೇ ರಾತ್ರಿ ಕಪ್ಪೆ ಕೂಗುತ್ತವೆ, ಕಪ್ಪೆಗಾಗಿ ಹಾವು ಬರುತ್ತವೆ. ಎಲ್ಲರ ಕಣ್ಣೂ ನೀರಿನ ಮೇಲೆ, ಕಾಲ ಕಡೆ ಯಾರೂ ನೋಡುವುದಿಲ್ಲ. ಗುಂಪಿನಲ್ಲಿ ಒಬ್ಬರ ಟಾರ್ಚ್ ನೆಲಕ್ಕೇ ಇರಲಿ. ಏಡಿಬಿಲಕ್ಕೆ ಬರಿಗೈ ಹಾಕುವುದನ್ನು ದಯವಿಟ್ಟು ಬಿಡಿ. ಕಂಬಿ ಕೊಕ್ಕೆಯಿಂದ ಎಳೆದರೂ ಏಡಿ ಬರುತ್ತದೆ. ಬಿಲ ಏಡಿಯದ್ದೇ ಇರಬಹುದು, ಒಳಗಿರುವುದು ಏಡಿಯೇ ಆಗಬೇಕೆಂದಿಲ್ಲ.

ಮಲಗುವಾಗ

ತೋಟ ಕಾಯಲು, ಕಣ ಕಾಯಲು ಹೊರಗೆ ಮಲಗುವವರು, ಕೂಲಿಗೆ ಬಂದು ಶೆಡ್ಡಿನಲ್ಲಿ ನೆಲದ ಮೇಲೆ ಮಲಗುವವರು ಇದನ್ನು ಓದಲೇಬೇಕು. ಕಟ್ಟುಹಾವಿನ ಕಡಿತದಲ್ಲಿ ಬಹಳಷ್ಟು ಆಗುವುದು ನೆಲದ ಮೇಲೆ ಮಲಗಿದವರಿಗೆ, ನಡುರಾತ್ರಿ. ನೋವು ಹೆಚ್ಚುಕಮ್ಮಿ ಇರುವುದೇ ಇಲ್ಲ. ಇರುವೆ ಕಚ್ಚಿತೇನೋ ಅಂತ ಮಗ್ಗುಲು ಬದಲಿಸಿ ಮಲಗುತ್ತಾರೆ. ಹಲ್ಲಿನ ಗುರುತೂ ಕಾಣದೇ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ, ಗಂಟಲು ಕಟ್ಟಿದಂತಾಗುವುದು, ರೆಪ್ಪೆ ಜೋತುಬೀಳುವುದು. ರಾತ್ರಿ ನೆಲದ ಮೇಲೆ ಮಲಗಿದ್ದ ಆರೋಗ್ಯವಂತ ವ್ಯಕ್ತಿ ಹೀಗೆ ಎದ್ದರೆ, ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸುತ್ತಾ ಕೂರಬೇಡಿ. ಹಾವು ನೋಡಿಲ್ಲದಿದ್ದರೂ ಆಸ್ಪತ್ರೆಗೆ ಓಡಿ, ‘ರಾತ್ರಿ ನೆಲದಲ್ಲಿ ಮಲಗಿದ್ದರು’ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ತಡೆಯುವುದು ಸುಲಭ. ಮಂಚ, ಇಲ್ಲದಿದ್ದರೆ ಹಗ್ಗದ ಹೊರಸು. ಅದರ ಮೇಲೆ ಸೊಳ್ಳೆಪರದೆ, ಅಂಚನ್ನು ಹಾಸಿಗೆಯ ಅಡಿಗೆ ಸುತ್ತಲೂ ಸಿಕ್ಕಿಸಿ. ಮಂಚ ಇಲ್ಲವೇ ಇಲ್ಲ ಅಂದರೆ ನೆಲದ ಮೇಲಾದರೂ ಪರದೆ ಕಟ್ಟಿ ಅಂಚು ಸಿಕ್ಕಿಸಿ. ಇಷ್ಟು ಕಮ್ಮಿ ಖರ್ಚಿನಲ್ಲಿ ಇಷ್ಟು ದೊಡ್ಡ ರಕ್ಷಣೆ ಕೊಡುವ ಇನ್ನೊಂದು ವಸ್ತು ನನಗೆ ಗೊತ್ತಿಲ್ಲ. ಕಾಳಿನ ಮೂಟೆ ಪಕ್ಕ ಮಲಗಬೇಡಿ. ಮೂಟೆಗೆ ಇಲಿ, ಇಲಿಗೆ ಹಾವು.

ಮನೆ ಸುತ್ತ ಫಿನಾಯಿಲ್, ಬೆಳ್ಳುಳ್ಳಿ, ಗಂಧಕದ ಪುಡಿ ಹಾಕಿದರೆ ಹಾವು ಬರಲ್ಲ ಅನ್ನುವುದು ಸುಮ್ನೆ ಸಮಾಧಾನ. ಇಲಿ ಕಮ್ಮಿ ಮಾಡಿ, ಗೋಡೆಯ ಬಿಲ ಮುಚ್ಚಿ, ಬಾಗಿಲ ಕೆಳಗಿನ ಸಂದು ಮುಚ್ಚಿ, ಅಂಗಳದ ಕಲ್ಲು, ಹೆಂಚು, ತೆಂಗಿನ ಸಿಪ್ಪೆಯ ರಾಶಿ ಮನೆಯಿಂದ ದೂರ ಹಾಕಿ. ಕೆಲಸ ಮಾಡುವುದು ಇವೇ.

ಎದುರಿಗೆ ಹಾವು ಕಂಡರೆ

ನಿಲ್ಲಿ. ಹಾವು ಎಲ್ಲಿದೆ ಅಂತ ಖಚಿತವಾದ ಮೇಲೆ ನಿಧಾನ ಹಿಂದಕ್ಕೆ ಸರಿಯಿರಿ. ಹಾರಿದರೆ ಇನ್ನೊಂದರ ಮೇಲೆ ಕಾಲಿಡಬಹುದು. ಹೆಚ್ಚಿನ ಹಾವುಗಳು ತಮ್ಮ ಉದ್ದದ ಮೂರನೇ ಒಂದು ಭಾಗದಿಂದ ಅರ್ಧದಷ್ಟು ದೂರಕ್ಕೆ ಎರಗಬಲ್ಲವು. ಆರೇಳು ಅಡಿ ದೂರದಲ್ಲಿ ನಿಂತರೆ ನಾಗರವಾಗಲಿ ಮಂಡಲವಾಗಲಿ ಏನೂ ಮಾಡಲಾರದು. ಅಲ್ಲಿಂದ ಅದಕ್ಕೆ ಹೋಗಲು ಬಿಡಿ.

ಹೊಡೆಯಲು ಹೋಗಿ ಕಚ್ಚಿಸಿಕೊಂಡವರು ಕಮ್ಮಿ ಇಲ್ಲ. ಕೋಲಿನ ಅಳತೆಗೆ ಹತ್ತಿರ ಹೋದಿರಿ ಅಂದರೆ ಅದರ ಅಳತೆಗೂ ಸಿಕ್ಕಿರಿ. ಸತ್ತ ಹಾವಿನ ತಲೆಯೂ ಬಹಳ ಹೊತ್ತು ಕಚ್ಚಬಲ್ಲದು, ಕಡಿದು ಬೇರೆ ಮಾಡಿದ ತಲೆಯೂ ಸೇರಿ. ಮುಟ್ಟಬೇಡಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಹಾವು ಕೊಲ್ಲುವುದು ಅಪರಾಧ ಕೂಡ. ಮನೆ, ಕೊಟ್ಟಿಗೆ ಒಳಗೆ ಸೇರಿಕೊಂಡಿದ್ದರೆ ಒಬ್ಬರು ದೂರದಿಂದ ಕಣ್ಣಿಟ್ಟಿರಲಿ, ಇನ್ನೊಬ್ಬರು ಅರಣ್ಯ ಇಲಾಖೆಯ 1926ಕ್ಕೋ ಪಳಗಿದ ಹಾವು ಹಿಡಿಯುವವರಿಗೋ ಫೋನ್ ಮಾಡಲಿ. ಕೋಳಿಗೂಡಿನ ನೈಲಾನ್ ಬಲೆಗೆ ಸಿಕ್ಕಿಕೊಂಡ ಹಾವನ್ನು ಪಾಪ ಅಂತ ನೀವೇ ಬಿಡಿಸಲು ಹೋಗಬೇಡಿ.

ಕಚ್ಚಿದರೆ: ಒಂದೊಂದಾಗಿ

1. ಹಾವಿನಿಂದ ದೂರ ಸರಿಸಿ, ಕೂರಿಸಿ ಅಥವಾ ಮಲಗಿಸಿ. ಗಾಬರಿಯಾದರೆ ಎದೆಬಡಿತ ಏರುತ್ತದೆ. ‘ಎಲ್ಲ ಹಾವಿಗೂ ವಿಷ ಇಲ್ಲ, ವಿಷದ ಹಾವು ಕಚ್ಚಿದರೂ ಪ್ರತಿಸಲ ವಿಷ ಬಿಡಲ್ಲ, ಔಷಧಿ ಇದೆ’ ಅಂತ ಹೇಳಿ. ಮೂರೂ ನಿಜ.

2. 108ಕ್ಕೆ ಫೋನ್ ಮಾಡಿ. ಬರುವುದು ತಡ ಅಂದರೆ ಕಾಯಬೇಡಿ, ಸಿಕ್ಕಿದ ಗಾಡಿ ಹಿಡಿಯಿರಿ. ಬೈಕ್ ಮಾತ್ರ ಇದ್ದರೆ ಕಚ್ಚಿಸಿಕೊಂಡವರನ್ನು ನಡುವೆ ಕೂರಿಸಿ, ಹಿಂದೆ ಒಬ್ಬರು ಹಿಡಿದುಕೊಳ್ಳಲಿ.

3. ಉಂಗುರ, ಬಳೆ, ವಾಚು, ಕಾಲುಂಗುರ, ಕಾಲ್ಗೆಜ್ಜೆ, ಕಟ್ಟಿದ ದಾರ ತೆಗೆಯಿರಿ. ಬಾವು ಏರಿದ ಮೇಲೆ ಇವು ಬೆರಳನ್ನೇ ಕತ್ತರಿಸುವ ಹಾಗಾಗುತ್ತವೆ. ಕಾಲುಂಗುರ ತೆಗೆಯಲು ಹಿಂಜರಿದರೆ ಮನೆಯ ಹಿರಿಯರೇ ಹೇಳಿ ತೆಗೆಸಲಿ.

4. ಕಚ್ಚಿದ ಕೈ ಅಥವಾ ಕಾಲನ್ನು ಮೂಳೆ ಮುರಿದಾಗ ಮಾಡುವಂತೆ ಪಟ್ಟಿ, ಕೋಲು ಇಟ್ಟು ಅಲ್ಲಾಡದಂತೆ ಕಟ್ಟಿ. ಬಿಗಿಯಾಗಿ ಅಲ್ಲ, ಬೆರಳು ತೂರುವಷ್ಟು ಸಡಿಲ ಇರಲಿ. ಕಾಲಿಗೆ ಕಚ್ಚಿದ್ದರೆ ನಡೆಸಬೇಡಿ, ಓಡಿಸಲೇಬೇಡಿ. ಹೊರಸು, ಕಂಬಳಿ, ಹೆಗಲು, ಯಾವುದಾದರೂ ಸರಿ, ಹೊತ್ತು ತನ್ನಿ.

5. ಕಚ್ಚಿದ ಹೊತ್ತು ಗುರುತಿಟ್ಟುಕೊಳ್ಳಿ. ಬಾವಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಹಾಕಿ ಪಕ್ಕದಲ್ಲಿ ಗಂಟೆ ಬರೆಯಿರಿ. ಬಾವು ಎಷ್ಟು ಬೇಗ ಏರುತ್ತಿದೆ ಅಂತ ಡಾಕ್ಟರಿಗೆ ಇದಕ್ಕಿಂತ ಚೆನ್ನಾಗಿ ಹೇಳುವುದು ಬೇರೆ ಇಲ್ಲ.

6. ದಾರಿಯಲ್ಲಿ ವಾಂತಿ, ಮಂಪರು ಬಂದರೆ ಎಡಮಗ್ಗುಲಿಗೆ ಮಲಗಿಸಿ. ತಿನ್ನಲು, ಕುಡಿಯಲು ಕೊಡಬೇಡಿ. ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಲೇ ಇರಿ. ನಾಗರ, ಕಟ್ಟುಹಾವಿನ ವಿಷ ಉಸಿರಾಟದ ಸ್ನಾಯುವನ್ನು ನಿಲ್ಲಿಸುತ್ತದೆ. ಅಂಥವರು ಸತ್ತ ಹಾಗೆ ಕಂಡರೂ ಒಳಗೆ ಎಚ್ಚರ ಇರಬಹುದು. ವೆಂಟಿಲೇಟರ್ ಸಿಗುವವರೆಗೆ ಉಸಿರು ಕೊಟ್ಟರೆ ಎದ್ದು ಬರುವ ಸಾಧ್ಯತೆ ಇದೆ.

ಹಾವನ್ನು ಹುಡುಕಿ ಕೊಂದು ತರಬೇಕಿಲ್ಲ. ನಮ್ಮ ಪ್ರತಿವಿಷ ಆ ನಾಲ್ಕೂ ಹಾವಿಗೆ ಸೇರಿ ಒಂದೇ. ದೂರದಿಂದ ಸುಲಭಕ್ಕೆ ಫೋಟೋ ಸಿಕ್ಕರೆ ತೆಗೆಯಿರಿ. ಮಲೆನಾಡಿನಲ್ಲಿ ಗುಳಿಮಂಡಲ ಹೌದೋ ಅಲ್ಲವೋ ತಿಳಿಯಲು ಅದು ಉಪಯೋಗಕ್ಕೆ ಬರುತ್ತದೆ.

ಏನು ಮಾಡಬಾರದು

ಹಗ್ಗ, ಟವೆಲ್ ಬಿಗಿಯಾಗಿ ಕಟ್ಟಬೇಡಿ. ಮಂಡಲದ ವಿಷ ಮಾಂಸವನ್ನೇ ಕೊಳೆಸುವಂಥದ್ದು. ಅದನ್ನು ಒಂದೇ ಕಡೆ ಕಟ್ಟಿ ನಿಲ್ಲಿಸಿದರೆ ಕಾಲೇ ಹೋಗಬಹುದು. ಯಾರೋ ಆಗಲೇ ಕಟ್ಟಿದ್ದರೆ ದಾರಿಯಲ್ಲಿ ತಟ್ಟನೆ ಬಿಚ್ಚಬೇಡಿ, ನಿಂತಿದ್ದ ವಿಷ ಒಮ್ಮೆಲೇ ನುಗ್ಗುತ್ತದೆ. ಆಸ್ಪತ್ರೆಯಲ್ಲಿ ಡಾಕ್ಟರ್ ಮುಂದೆಯೇ ಬಿಚ್ಚಲಿ. ಬ್ಲೇಡಿನಲ್ಲಿ ಕುಯ್ಯುವುದು, ಬಾಯಲ್ಲಿ ಹೀರುವುದು, ಐಸ್ ಇಡುವುದು, ಸುಡುವುದು, ಗಾಯ ಉಜ್ಜಿ ತೊಳೆಯುವುದು, ಯಾವುದೂ ಬೇಡ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷಕ್ಕೆ ಒಂದು ಸಣ್ಣ ಗಾಯವೂ ನಿಲ್ಲದ ರಕ್ತವಾಗುತ್ತದೆ. ಇದೇ ಕಾರಣಕ್ಕೆ ನೋವಿನ ಮಾತ್ರೆಯನ್ನೂ ನೀವಾಗಿ ನುಂಗಿಸಬೇಡಿ. ಧೈರ್ಯಕ್ಕೆ ಅಂತ ಸಾರಾಯಿ ಅಂತೂ ಬೇಡವೇ ಬೇಡ.

ಮಂತ್ರ ಹಾಕುವವರು, ಬೇರು ಕೊಡುವವರು ‘ನೂರಾರು ಜನರನ್ನು ಉಳಿಸಿದ್ದೇನೆ’ ಅನ್ನುವುದು ಪೂರ್ತಿ ಸುಳ್ಳಾಗಿರಬೇಕಿಲ್ಲ. ಕಚ್ಚುವ ಹಾವುಗಳಲ್ಲಿ ಬಹಳಷ್ಟಕ್ಕೆ ವಿಷವೇ ಇಲ್ಲ. ವಿಷದ ಹಾವಿನದೂ ಎಷ್ಟೋ ಸಲ ಬರೀ ಹಲ್ಲೂರಿದ ಗಾಯ. ಅಂಥವರು ಏನೂ ಮಾಡದಿದ್ದರೂ ಬದುಕುತ್ತಾರೆ, ಹೆಸರು ಬೇರಿಗೆ ಬರುತ್ತದೆ. ನಿಜವಾಗಿ ವಿಷ ಏರಿದವರಿಗೆ ಆ ಎರಡು ಗಂಟೆ ತಡ ಪ್ರಾಣಕ್ಕೇ ಬರುತ್ತದೆ. ಮನೆಯವರಿಗೆ ನಂಬಿಕೆ ಇದ್ದರೆ ಜಗಳ ಆಡುತ್ತಾ ಹೊತ್ತು ಕಳೆಯಬೇಡಿ. ‘ಮೊದಲು ಇಂಜೆಕ್ಷನ್, ಆಮೇಲೆ ಹರಕೆ’ ಅನ್ನಿ. ನಡೆಯುತ್ತದೆ.

ಆಸ್ಪತ್ರೆಯಲ್ಲಿ ಏನಾಗುತ್ತದೆ

ಪ್ರತಿವಿಷಕ್ಕೆ ಆಸ್ಪತ್ರೆಯಲ್ಲಿ ಎಎಸ್‌ವಿ ಅನ್ನುತ್ತಾರೆ. ಹಾವಿನ ವಿಷವನ್ನು ಸಣ್ಣ ಸಣ್ಣ ಪ್ರಮಾಣದಲ್ಲಿ ಕುದುರೆಗೆ ಕೊಟ್ಟು, ಕುದುರೆಯ ರಕ್ತದಿಂದ ತಯಾರಿಸುವ ಔಷಧಿ. ಇದಕ್ಕೆ ಬೇಕಾದ ವಿಷವನ್ನು ಬಹುಮಟ್ಟಿಗೆ ಒದಗಿಸುತ್ತಾ ಬಂದಿರುವುದು ತಮಿಳುನಾಡಿನ ಇರುಳ ಸಮುದಾಯದ ಸಹಕಾರ ಸಂಘ, 1978ರಲ್ಲಿ ಶುರುವಾದದ್ದು. ಸರ್ಕಾರಿ ಆಸ್ಪತ್ರೆಯಲ್ಲಿ ಎಎಸ್‌ವಿ ಉಚಿತ.

ಕಚ್ಚಿದ ಎಲ್ಲರಿಗೂ ಇದನ್ನು ಕೊಡುವುದಿಲ್ಲ. ವಿಷ ಏರಿದ ಲಕ್ಷಣ ಇದ್ದರೆ ಮಾತ್ರ. ರಕ್ತವನ್ನು ಒಂದು ಒಣ ಗಾಜಿನ ನಳಿಗೆಯಲ್ಲಿ 20 ನಿಮಿಷ ಅಲ್ಲಾಡಿಸದೆ ಇಟ್ಟು ಹೆಪ್ಪುಗಟ್ಟುತ್ತದಾ ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಅಂತ ಅರ್ಥ. ಜೊತೆಗೆ ರೆಪ್ಪೆ, ಉಸಿರು, ಬಾವು, ಮೂತ್ರದ ಬಣ್ಣ ನೋಡುತ್ತಾರೆ. ‘ಇಷ್ಟು ಹೊತ್ತಾದರೂ ಇಂಜೆಕ್ಷನ್ ಕೊಟ್ಟಿಲ್ಲ’ ಅಂತ ಗಲಾಟೆ ಮಾಡುವ ಮುಂಚೆ ಇದು ಗೊತ್ತಿರಲಿ. ಸಾಮಾನ್ಯವಾಗಿ 8ರಿಂದ 10 ಬಾಟಲಿಯಿಂದ ಶುರು ಮಾಡುತ್ತಾರೆ. ಮಗುವಿಗೂ ದೊಡ್ಡವರಷ್ಟೇ. ಮಗು ಅಂತ ಹಾವು ವಿಷ ಕಮ್ಮಿ ಬಿಟ್ಟಿರುವುದಿಲ್ಲ ಅಲ್ವಾ? ಔಷಧಿ ಹೋಗುವಾಗ ತುರಿಕೆ, ದದ್ದು, ಉಬ್ಬಸ ಬಂದರೆ ತಕ್ಷಣ ನರ್ಸಿಗೆ ಹೇಳಿ. ಅದಕ್ಕೂ ಮದ್ದು ಅಲ್ಲೇ ಸಿದ್ಧ ಇಟ್ಟಿರುತ್ತಾರೆ.

ಏನೂ ಲಕ್ಷಣ ಇಲ್ಲದಿದ್ದರೂ 24 ಗಂಟೆ ಅಲ್ಲೇ ಇರಿ. ಕಟ್ಟುಹಾವಿನ ವಿಷ ತೋರಿಸಿಕೊಳ್ಳುವುದು ನಿಧಾನ. ದೂರದ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಗಿ ಬಂದರೆ, ಇಲ್ಲೇ ಮೊದಲ ಡೋಸ್ ಕೊಡಬಹುದಾ ಅಂತ ಕೇಳಿ. ಲಕ್ಷಣ ಇದ್ದೂ ಒಂದು ಬಾಟಲಿಯೂ ಹಾಕದೆ ಎರಡು ಗಂಟೆ ಆಂಬುಲೆನ್ಸಿನಲ್ಲಿ ಕಳೆಯುವುದು ಯಾರಿಗೂ ಒಳ್ಳೆಯದಲ್ಲ.

ಮುಂಗಾರಿಗೆ ಮೊದಲೇ ಮಾಡಿಟ್ಟುಕೊಳ್ಳಬೇಕಾದ್ದು

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಾಲ್ಲೂಕು ಆಸ್ಪತ್ರೆಗೂ ಹೋಗಿ ಮೂರು ಪ್ರಶ್ನೆ ಕೇಳಿ ಬನ್ನಿ: ಎಎಸ್‌ವಿ ಇದೆಯಾ, ರಾತ್ರಿ ಡಾಕ್ಟರ್ ಇರುತ್ತಾರಾ, ವೆಂಟಿಲೇಟರ್ ಎಲ್ಲಿದೆ. ನಂಬರ್ ಬರೆದು ಪಂಪ್‌ಸೆಟ್ ಮನೆಯ ಬಾಗಿಲಿಗೆ, ಕೂಲಿಯವರ ಶೆಡ್ಡಿಗೆ ಅಂಟಿಸಿ. ರಾತ್ರಿ ಕರೆದರೆ ಬರುವ ಗಾಡಿಯವರು ಯಾರು ಅಂತ ಮಾತಾಡಿಟ್ಟಿರಿ. ಬೇರೆ ಜಿಲ್ಲೆ, ಬೇರೆ ರಾಜ್ಯದಿಂದ ಕೆಲಸಕ್ಕೆ ಬಂದವರಿಗೆ ಊರಿನ ಆಸ್ಪತ್ರೆ ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ. ಅವರಿಗೆ ಬೂಟು, ಟಾರ್ಚ್, ಸೊಳ್ಳೆಪರದೆ ಕೊಡುವುದು ತೋಟದ ಯಜಮಾನರ ಖರ್ಚು, ಕೂಲಿಯಿಂದ ಹಿಡಿಯುವಂಥದ್ದಲ್ಲ.

ಆಸ್ಪತ್ರೆಯಿಂದ ಬಂದ ಮೇಲೂ ಸ್ವಲ್ಪ ದಿನ ಗಮನ ಇರಲಿ. ಮೂತ್ರ ಕಮ್ಮಿಯಾದರೆ, ಕೆಂಪು ಅಥವಾ ಕಪ್ಪು ಬಣ್ಣಕ್ಕೆ ತಿರುಗಿದರೆ, ಮುಖ ಊದಿದರೆ ಮೂತ್ರಪಿಂಡದ ತೊಂದರೆ ಇರಬಹುದು, ಅದೇ ದಿನ ಹೋಗಿ. ಒಂದೆರಡು ವಾರದೊಳಗೆ ಜ್ವರ, ಕೀಲುನೋವು, ತುರಿಕೆ ಬಂದರೆ ಅದು ಎಎಸ್‌ವಿಯ ಪರಿಣಾಮವೂ ಆಗಿರಬಹುದು. ‘ಇಂಥ ದಿನ ಎಎಸ್‌ವಿ ಹಾಕಿದ್ದರು’ ಅಂತ ಹೇಳಿದರೆ ಗುಣಪಡಿಸುವುದು ಸುಲಭ. ಡಿಸ್ಚಾರ್ಜ್ ಚೀಟಿ, ಬಿಲ್ಲು, ರಿಪೋರ್ಟು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ಹಾವು ಕಚ್ಚಿ ರೈತರು ತೀರಿಕೊಂಡರೆ ಕುಟುಂಬಕ್ಕೆ ಕೃಷಿ ಇಲಾಖೆಯ ಪರಿಹಾರ ಇದೆ, ಅದಕ್ಕೆ ಆಸ್ಪತ್ರೆಯ ದಾಖಲೆ ಮತ್ತು ಮರಣೋತ್ತರ ಪರೀಕ್ಷೆಯ ವರದಿ ಬೇಕಾಗುತ್ತದೆ. ಅರ್ಜಿಯ ವಿವರ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೆ ಹೇಳುತ್ತಾರೆ.